ಯುರೋಪಿನವರು ಗಡಿ ತೆಗೆದರು, ನಮ್ಮ ಸಾರ್ಕ್ ಯಾಕೆ ಅಲ್ಲೇ ನಿಂತಿತು?

ವಾಸ್ಕೋ ಬಂದರು

ಗೋವಾದ ಕನ್ನಡ ಬಂಧುಗಳಿಗೆ ನಮಸ್ಕಾರ. ಪ್ರಶ್ನೆ ಸ್ವಲ್ಪ ದೊಡ್ಡದು, ಪುರುಸೊತ್ತಿದ್ದವರು ಓದಿ.

ನಾನು ಮುರಗಾಂವ್ ಬಂದರಿನ ಹತ್ತಿರ ಒಂದು ಕ್ಲಿಯರಿಂಗ್ ಆಫೀಸಿನಲ್ಲಿದ್ದೇನೆ. ಬೆಳಗ್ಗೆಯಿಂದ ಸಂಜೆವರೆಗೆ ಕಸ್ಟಮ್ಸ್ ಕಾಗದವೇ. ನಮ್ಮ ಜೊತೆಗಿರುವ ಮಡಗಾಂವ್ ಕಡೆಯ ಹುಡುಗ ಈಗ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸುತ್ತಿದ್ದಾನೆ. ಅವನ ಅಜ್ಜ ಇಲ್ಲಿ ಹುಟ್ಟಿದ್ದು 1961ರ ಡಿಸೆಂಬರ್ 19ಕ್ಕಿಂತ ಮೊದಲು, ಅಂದರೆ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಆ ಜನನವನ್ನು ಲಿಸ್ಬನ್‌ನಲ್ಲಿ ದಾಖಲು ಮಾಡಿಸಿದರೆ ಮುಂದಿನ ದಾರಿ ತೆರೆಯುತ್ತದೆ. ಪೋರ್ಚುಗಲ್‌ನಲ್ಲಿ ಹೋಗಿ ಏನು ಮಾಡ್ತೀಯ ಅಂತ ಕೇಳಿದೆ. "ಪೋರ್ಚುಗಲ್‌ಗೆ ಯಾರು ಹೋಗ್ತಾರೆ? ನಾನು ಹೋಗೋದು ಜರ್ಮನಿಗೆ" ಅಂದ.

ಅಲ್ಲಿಂದ ಆಫೀಸಿನಲ್ಲಿ ವಾದ ಶುರು. ಪಾಸ್‌ಪೋರ್ಟ್ ಒಂದು ದೇಶದ್ದು, ಕೆಲಸ ಇನ್ನೊಂದು ದೇಶದಲ್ಲಿ, ವೀಸಾ ಬೇಡ. ಹೀಗೆ 27 ದೇಶ. ಒಂದು ಕಾಲಕ್ಕೆ ಕೋಟಿಗಟ್ಟಲೆ ಜನ ಸಾಯುವಷ್ಟು ಯುದ್ಧ ಮಾಡಿಕೊಂಡವರು ಇವರು! ತಾರೀಖು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಕೂಟ, ಢಾಕಾದಲ್ಲಿ ಹುಟ್ಟಿದ್ದು 1985ರ ಡಿಸೆಂಬರ್ 8ಕ್ಕೆ. ಪೋರ್ಚುಗಲ್ ಯುರೋಪಿನ ಒಕ್ಕೂಟ ಸೇರಿದ್ದು 1986ರ ಜನವರಿ 1ಕ್ಕೆ. ನಡುವೆ ಒಂದು ತಿಂಗಳೂ ಇಲ್ಲ. ಸಾರ್ಕ್‌ನ ಎರಡನೇ ಶೃಂಗಸಭೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ, 1986ರ ನವೆಂಬರ್‌ನಲ್ಲಿ. ಅವರು ಅಲ್ಲಿಂದ ಒಂದೇ ದುಡ್ಡಿನವರೆಗೆ ಹೋದರು. ನಮ್ಮವರು 2014ರಲ್ಲಿ ಕಾಠ್ಮಂಡುವಿನಲ್ಲಿ ಸೇರಿದ್ದೇ ಕೊನೆ.

ಪಾಕಿಸ್ತಾನ ಅಂತ ಒಂದೇ ಮಾತಿನ ಉತ್ತರ ಬೇಡ. ಅದು ಎಲ್ಲರಿಗೂ ಗೊತ್ತು. ಅದರ ಆಚೆ ಏನಿದೆ?

ಕಾರವಾರ ಕ್ರಾಸ್

ಯುರೋಪ್ ಆಮೇಲೆ ನೋಡೋಣ ಸರ್. ಮೊದಲು ಕಾರವಾರ-ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ತೆಗೆಸಿ.

ಮಡಗಾಂವ್ ಇಡ್ಲಿ

ನಿನ್ನ ಗಾಡಿ ಡಿಕ್ಕಿಯಲ್ಲಿ ಏನಿರುತ್ತೆ ಅಂತ ಅವರಿಗೂ ಗೊತ್ತು ಮಾರಾಯ.

ಫೋಂಡಾ ಟೀಚರ್

ಇಡೀ ವರ್ಷ ಇದನ್ನೇ ಹನ್ನೆರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಯುರೋಪಿನವರು ಪ್ರೀತಿಯಿಂದ ಒಂದಾದರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಶುರುವಾಗಿದ್ದು ಅಪನಂಬಿಕೆಯಿಂದ. 1950ರ ಮೇ 9ರಂದು ಫ್ರಾನ್ಸಿನ ವಿದೇಶ ಮಂತ್ರಿ ರೊಬೆರ್ ಶೂಮಾನ್ ಹೇಳಿದ್ದು ಇಷ್ಟೇ: ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಎರಡನ್ನೂ ಒಂದೇ ಮೇಲಧಿಕಾರದ ಕೆಳಗೆ ಇಡೋಣ. ಯಾಕೆ? ಇವೆರಡೂ ಇಲ್ಲದೆ ತೋಪು ಮಾಡೋಕೆ ಆಗಲ್ಲ. ಕದ್ದು ಯುದ್ಧಕ್ಕೆ ತಯಾರಾಗಲು ಪಕ್ಕದವನಿಗೆ ಅವಕಾಶವೇ ಇರಬಾರದು ಅನ್ನೋ ಲೆಕ್ಕಾಚಾರ. 1951ರಲ್ಲಿ ಆರು ದೇಶ ಸಹಿ ಹಾಕಿದವು. 1957ರ ರೋಮ್ ಒಪ್ಪಂದ ಆಮೇಲೆ ಬಂತು. ಒಳಗಿನ ಸುಂಕ ಪೂರ್ತಿ ಹೋಗಿದ್ದು 1968ರ ಜುಲೈಗೆ. ಒಂದೇ ಮಾರುಕಟ್ಟೆ ಅಂತ ಆಗಿದ್ದು 1993ಕ್ಕೆ. ಅವರಿಗೂ ನಾಲ್ಕು ದಶಕ ಹಿಡಿದಿದೆ.

ಮುಖ್ಯ ವ್ಯತ್ಯಾಸ ಇಲ್ಲಿದೆ ನೋಡಿ. ಮೊದಲ ದಿನದಿಂದಲೇ ಸರ್ಕಾರಗಳ ಮೇಲೆ ಒಂದು ಸಂಸ್ಥೆ ಇತ್ತು, ಲಕ್ಸೆಂಬರ್ಗ್‌ನಲ್ಲಿ ಕೋರ್ಟ್ ಇತ್ತು. 1963, 1964ರಲ್ಲೇ ಆ ಕೋರ್ಟ್ ಎರಡು ತೀರ್ಪು ಕೊಟ್ಟಿತು: ಒಕ್ಕೂಟದ ಕಾನೂನನ್ನು ಸಾಮಾನ್ಯ ವ್ಯಾಪಾರಿಯೂ ತನ್ನ ಊರಿನ ಕೋರ್ಟಿನಲ್ಲಿ ಎತ್ತಬಹುದು, ದೇಶದ ಕಾನೂನಿಗೂ ಅದಕ್ಕೂ ಜಗಳ ಬಂದರೆ ಒಕ್ಕೂಟದ್ದೇ ಮೇಲು. ಸಾರ್ಕ್ ಸನದಿನಲ್ಲಿ ಏನಿದೆ? ಎಲ್ಲ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ಎರಡು ದೇಶಗಳ ನಡುವಿನ ಜಗಳದ ವಿಷಯ ಮಾತಾಡುವಂತೆಯೇ ಇಲ್ಲ. ಜಗಳ ಎತ್ತಬಾರದು ಅಂದ ಮೇಲೆ ಒಪ್ಪಂದ ಯಾವುದಕ್ಕೆ?

ಇನ್ನೊಂದು ಅಳತೆಯ ಸಮಸ್ಯೆ. ಯುರೋಪಿನಲ್ಲಿ ಜರ್ಮನಿ ದೊಡ್ಡದು, ಆದರೆ ಎದುರಿಗೆ ಫ್ರಾನ್ಸ್ ಇದೆ, ಇಟಲಿ ಇದೆ. ದಕ್ಷಿಣ ಏಷ್ಯಾದಲ್ಲಿ ಜನಸಂಖ್ಯೆ, ಸಂಪತ್ತು ಎರಡರಲ್ಲೂ ಸುಮಾರು ಮುಕ್ಕಾಲು ಪಾಲು ನಾವೇ. ಉಳಿದವರು ಹೆದರುತ್ತಾರೆ. ನಾವು ಎಷ್ಟೇ ಒಳ್ಳೆಯವರಾಗಿದ್ದರೂ ಹೆದರುತ್ತಾರೆ.

ವಾಸ್ಕೋ ಬಂದರು

ಮೇಡಂ, ಮತ್ತೆ ಸಾಫ್ಟಾ ಅಂತ ಒಂದಿದೆಯಲ್ಲ? ನಮ್ಮ ಆಫೀಸಿನ ಫೈಲಿನಲ್ಲಿ ಹೆಸರು ಬರುತ್ತಿರುತ್ತೆ.

ಫೋಂಡಾ ಟೀಚರ್

ಇದೆ, ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ. 2004ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸಹಿ, 2006ರಿಂದ ಜಾರಿ. ಆದರೆ ಪ್ರತಿ ದೇಶವೂ ತನಗೆ ಬೇಕಾದ ಮಾಲುಗಳನ್ನು ಒಂದು ಪಟ್ಟಿಯಲ್ಲಿ ಹೊರಗಿಟ್ಟುಕೊಂಡಿತು. ಮಾರಾಟ ಆಗುವ ಮಾಲೇ ಆ ಪಟ್ಟಿಯಲ್ಲಿ ಕೂತಿತ್ತು. ಹಾಗಾಗಿ ನಮ್ಮ ಪ್ರದೇಶದ ಒಳಗಿನ ವ್ಯಾಪಾರ ಒಟ್ಟು ವ್ಯಾಪಾರದ ಸುಮಾರು 5% ಅಷ್ಟೇ. ಯುರೋಪಿನಲ್ಲಿ ಅರ್ಧಕ್ಕಿಂತ ಜಾಸ್ತಿ. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿ ಆದ ಮೇಲೆ ಪಾಕಿಸ್ತಾನದ ಮಾಲಿಗೆ ನಾವು 200% ಸುಂಕ ಹಾಕಿದೆವು, ಆ ಬಾಗಿಲೂ ಮುಚ್ಚಿತು.

ಕಾರವಾರ ಕ್ರಾಸ್

ನಾನು ತಮಾಷೆ ಮಾಡಿದ್ದಲ್ಲ ಮೇಡಂ. ಸುಂಕ ಇಲ್ಲದಿದ್ದರೂ ಗಡಿ ಇರುತ್ತೆ ಅಂತ ಹೇಳಿದೆ. 2018 ನೆನಪಿದೆಯಾ? ಮೀನಿಗೆ ಫಾರ್ಮಲಿನ್ ಹಾಕ್ತಾರೆ ಅಂತ ಗೋವಾದಲ್ಲಿ ಗಲಾಟೆ ಆಯ್ತಲ್ಲ. ಜುಲೈನಲ್ಲಿ ಹೊರಗಿನ ಮೀನು ಸ್ವಲ್ಪ ದಿನ ಬಂದ್. ಆಮೇಲೆ ನವೆಂಬರ್‌ನಲ್ಲಿ ಹೊಸ ನಿಯಮ: ಇನ್ಸುಲೇಟೆಡ್ ಗಾಡಿ ಬೇಕು, ಇಲ್ಲಿನ ಆಹಾರ ಇಲಾಖೆಯಲ್ಲಿ ನೋಂದಣಿ ಬೇಕು. ದೊಡ್ಡ ವ್ಯಾಪಾರಿಗಳು ಹೇಗೋ ಮಾಡಿಕೊಂಡರು. ಬೆಳಗಿನ ಜಾವ ಕಾರವಾರದಿಂದ ಟೆಂಪೋದಲ್ಲಿ ಎರಡು ಬುಟ್ಟಿ ಬಂಗಡೆ ತರುವವರು ಏನು ಮಾಡಬೇಕು? ಬುಟ್ಟಿ ಮೀನಿಗೆ ಇನ್ಸುಲೇಟೆಡ್ ಗಾಡಿ! ನಮ್ಮವರೂ ಸಿಟ್ಟಿಗೆದ್ದು ಗೋವಾ ಮೀನಿನ ಗಾಡಿ ತಡೆದರು. ಒಂದೇ ದೇಶ, ಒಂದೇ ಸಮುದ್ರ, ಮೀನೂ ಒಂದೇ. ಸಂವಿಧಾನದ 301ನೇ ವಿಧಿ ಪ್ರಕಾರ ದೇಶದೊಳಗೆ ವ್ಯಾಪಾರ ಮುಕ್ತ. ಆ ವಿಧಿ ಗೋವಾ ಕಡೆಯ ಪೋಳೆ ನಾಕಾದಲ್ಲಿ ಯಾರಿಗೂ ಗೊತ್ತಿರಲಿಲ್ಲ ಅನ್ನಿಸುತ್ತೆ.

ಜನರ ಆರೋಗ್ಯ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮ ಮಾಡುವವರು ಒಂದು ಕಡೆ, ಹೊಟ್ಟೆ ಕಟ್ಟಿಕೊಳ್ಳುವವರು ಇನ್ನೊಂದು ಕಡೆ. ಬುಟ್ಟಿಯವರನ್ನು ಯಾರೂ ಕೇಳಲಿಲ್ಲ.

ಫೋಂಡಾ ಟೀಚರ್

ಇದನ್ನು ಕ್ಲಾಸಿನಲ್ಲಿ ಹೇಳ್ತೀನಿ, ಒಳ್ಳೇ ಉದಾಹರಣೆ. ಯುರೋಪಿನಲ್ಲೂ ಸುಂಕ ಹೋದ ಮೇಲೆ ಇದೇ ತಲೆನೋವು ಬಂತು. ಜರ್ಮನಿಯಲ್ಲಿ ಹಣ್ಣಿನ ಲಿಕರ್ ಅಂತ ಮಾರಬೇಕಾದರೆ ಕನಿಷ್ಠ 25% ಆಲ್ಕೋಹಾಲ್ ಇರಬೇಕಿತ್ತು. ಫ್ರಾನ್ಸಿನ ಕಾಸಿಸ್‌ನಲ್ಲಿ 15ರಿಂದ 20%. ಕಡಿಮೆ ಅಮಲಿನ ಮದ್ಯ ಕುಡಿದರೆ ಜನರ ಆರೋಗ್ಯಕ್ಕೆ ಅಪಾಯ ಅಂತ ಜರ್ಮನ್ ಸರ್ಕಾರ ವಾದ ಮಾಡಿತು, ನಗಬೇಡಿ! 1979ರಲ್ಲಿ ಕೋರ್ಟ್ ಹೇಳಿತು: ಒಂದು ದೇಶದಲ್ಲಿ ಕಾನೂನು ಪ್ರಕಾರ ಮಾರುವ ಮಾಲನ್ನು ಇನ್ನೊಂದು ದೇಶ ಸರಿಯಾದ ಕಾರಣ ಇಲ್ಲದೆ ತಡೆಯುವಂತಿಲ್ಲ. ಒಂದೇ ಮಾರುಕಟ್ಟೆ ನಿಂತಿರೋದು ಈ ತೀರ್ಪಿನ ಮೇಲೆ ಅಂದರೂ ತಪ್ಪಿಲ್ಲ.

ಮಡಗಾಂವ್ ಇಡ್ಲಿ

ಅಕ್ಕಾ, ನಮ್ಮ ಗೋಡಂಬಿ ಫೆನ್ನಿಗೆ ಆ ಕೋರ್ಟ್ ಬೇಕಿತ್ತು ನೋಡಿ. 2009ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, 2016ರಲ್ಲಿ ಗೋವಾ ಸರ್ಕಾರ ಪಾರಂಪರಿಕ ಪೇಯ ಅಂತ ಮಾಡಿತು. ಅಲ್ಲಿವರೆಗೂ ಕಂಟ್ರಿ ಲಿಕರ್ ಪಟ್ಟಿಯಲ್ಲಿ. ಮದ್ಯ ಜಿಎಸ್‌ಟಿ ಒಳಗೆ ಇಲ್ಲ, ಪ್ರತಿ ರಾಜ್ಯದ ಅಬಕಾರಿ ಬೇರೆ, ಲೇಬಲ್ ನೋಂದಣಿ ಬೇರೆ. ಸ್ಕಾಟ್ಲೆಂಡ್ ವಿಸ್ಕಿ ಹುಬ್ಬಳ್ಳಿಯಲ್ಲಿ ಸುಲಭವಾಗಿ ಸಿಗುತ್ತೆ, ನೂರೈವತ್ತು ಕಿಲೋಮೀಟರ್ ಆಚೆಯ ಫೆನ್ನಿ ಹುಡುಕಬೇಕು.

ಕಾರವಾರ ಕ್ರಾಸ್

ನನ್ನ ಡಿಕ್ಕಿ ವಿಷಯ ಈಗ ಅರ್ಥ ಆಯ್ತಲ್ಲ ಮಾರಾಯ.

ಕ್ಯಾಸಲ್‌ರಾಕ್

ನಾನು ರೈಲ್ವೆಯಲ್ಲಿದ್ದು ನಿವೃತ್ತನಾದವನು. ನೀವೆಲ್ಲ ಯುರೋಪ್ ಯುರೋಪ್ ಅನ್ನುತ್ತಿದ್ದೀರಿ. ಎರಡು ದೇಶದ ನಡುವೆ ಸುಂಕ ತೆಗೆಯುವ ಪ್ರಯೋಗ ನಮ್ಮ ಘಟ್ಟದಲ್ಲೇ ಆಗಿದೆ, ರೋಮ್ ಒಪ್ಪಂದಕ್ಕೆ ಎಪ್ಪತ್ತೆಂಬತ್ತು ವರ್ಷ ಮೊದಲು. ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡಲ್ಲ.

1878ರ ಡಿಸೆಂಬರ್ 26ರಂದು ಬ್ರಿಟಿಷರೂ ಪೋರ್ಚುಗೀಸರೂ ಲಿಸ್ಬನ್‌ನಲ್ಲಿ ಸಹಿ ಹಾಕಿದರು. 1880ರ ಜನವರಿಯಿಂದ ಜಾರಿ, ಅವಧಿ 12 ವರ್ಷ. ಬ್ರಿಟಿಷ್ ಇಂಡಿಯಾ ಮತ್ತು ಗೋವಾ ನಡುವಿನ ಗಡಿ ಸುಂಕ ರದ್ದು. ಎರಡೂ ಕಡೆ ಒಂದೇ ಸುಂಕದ ವ್ಯವಸ್ಥೆ. ನಾಣ್ಯವನ್ನೂ ಹೊಂದಿಸಿದರು: ಗೋವಾದ ರೂಪಾಯಿಗೂ ಬ್ರಿಟಿಷ್ ರೂಪಾಯಿಯಷ್ಟೇ ತೂಕ. ಈಗಿನ ಭಾಷೆಯಲ್ಲಿ ಹೇಳಬೇಕಾದರೆ ಕಸ್ಟಮ್ಸ್ ಯೂನಿಯನ್ ಪ್ಲಸ್ ಒಂದೇ ದುಡ್ಡು. ಮುರಗಾಂವ್ ಬಂದರಿನಿಂದ ಕುಳೆ, ದೂಧಸಾಗರ, ಕ್ಯಾಸಲ್‌ರಾಕ್ ದಾರಿಯಲ್ಲಿ ಹೋಗುವ ರೈಲು ಈ ಒಪ್ಪಂದದ ಕೂಸು. ಹುಬ್ಬಳ್ಳಿ, ಧಾರವಾಡ ಕಡೆಯ ಹತ್ತಿಯನ್ನು ಸಮುದ್ರಕ್ಕೆ ಇಳಿಸಬೇಕಿತ್ತು. 1888ರಲ್ಲಿ ಗಾಡಿ ಓಡಿತು. ನಾಲ್ಕೇ ವರ್ಷದಲ್ಲಿ, 1892ರಲ್ಲಿ, ಒಪ್ಪಂದದ ಅವಧಿ ಮುಗಿಯಿತು. ಮತ್ತೆ ಮುಂದುವರಿಸಲಿಲ್ಲ. ಕುಳೆಯಲ್ಲೊಂದು, ಕ್ಯಾಸಲ್‌ರಾಕ್‌ನಲ್ಲೊಂದು ಸುಂಕದ ಕಟ್ಟೆ ಬಂತು.

ಈಗ ಇದರಲ್ಲಿ ಸೋತವರು ಯಾರು ಅನ್ನೋದು ಕೇಳಿ. ಉಪ್ಪು. ಬ್ರಿಟಿಷರಿಗೆ ಉಪ್ಪಿನ ಕರದಿಂದ ದೊಡ್ಡ ಆದಾಯ. ಗೋವಾದ ಉಪ್ಪು ಅಗ್ಗ. ಗಡಿ ತೆಗೆದರೆ ಆ ಉಪ್ಪು ಘಟ್ಟ ಹತ್ತಿ ಬರುತ್ತದೆ. ಅದಕ್ಕೆ ಒಪ್ಪಂದದಲ್ಲೇ ಗೋವಾದ ಉಪ್ಪು ತಯಾರಿಕೆ, ಮಾರಾಟ ಎರಡನ್ನೂ ಬ್ರಿಟಿಷರು ಕೈಗೆ ತೆಗೆದುಕೊಂಡರು. ಬದಲಿಗೆ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. ಸರ್ಕಾರದ ಬೊಕ್ಕಸಕ್ಕೆ ಹಣ ಬಂತು. ಉಪ್ಪಿನಾಗರದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಉಪ್ಪು ಎಳೆಯುವವನಿಗೆ? ಅವನ ಕೆಲಸ ಹೋಯಿತು, ಮನೆ ಉಪ್ಪಿನ ಬೆಲೆಯೂ ಏರಿತು. ಹೆಂಡದ ಮೇಲೂ ಬ್ರಿಟಿಷ್ ಇಂಡಿಯಾದ ಹಾಗೆ ಅಬಕಾರಿ ಬಂತು, ಮರ ಹತ್ತುವವರೂ ಸಿಕ್ಕಿಬಿದ್ದರು.

ಇದನ್ನು ಎಲ್ಲ ಒಪ್ಪಂದಕ್ಕೂ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಗಡಿ ಬಿದ್ದಾಗ ನಷ್ಟ ಯಾರಿಗೆ, ಪರಿಹಾರದ ದುಡ್ಡು ಯಾರ ಕೈಗೆ?

ವಾಸ್ಕೋ ಬಂದರು

ತಾತ, ನಾನು ದಿನಾ ಆ ಹಳಿ ಪಕ್ಕದಲ್ಲೇ ಓಡಾಡುತ್ತೇನೆ. ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಆಮೇಲೆ 1961ರವರೆಗೂ ಸುಂಕದ ಕಟ್ಟೆ ಇತ್ತಾ?

ಕ್ಯಾಸಲ್‌ರಾಕ್

ಇತ್ತು. 1955ರಲ್ಲಿ ರೈಲೇ ನಿಂತಿತು. ಆಗಸ್ಟ್ 15ರ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಭಾರತ ಆರ್ಥಿಕ ದಿಗ್ಬಂಧನ ಬಿಗಿ ಮಾಡಿತು. ಬೆಳಗಾವಿ ತರಕಾರಿ ಹತ್ತಿರದಲ್ಲೇ ಇದ್ದರೂ ಗೋವಾಕ್ಕೆ ಆಲೂಗಡ್ಡೆ ಹಡಗಿನಲ್ಲಿ ಯುರೋಪಿನಿಂದ ಬರುತ್ತಿತ್ತು. ಈಗ ಬೆಳಗಾವಿ ತರಕಾರಿ ಲಾರಿ ಒಂದು ದಿನ ಬರದಿದ್ದರೆ ಪಣಜಿ ಮಾರ್ಕೆಟ್ಟಿನಲ್ಲಿ ರೇಟು ಏರುತ್ತೆ.

ಮ್ಹಾಪ್ಸಾ ಮಾರ್ಕೆಟ್

ತಾತ ಹೇಳಿದ್ದು ಸರಿ. ಅದಕ್ಕೇ ನನ್ನ ಮಾತು, ಈ ಒಕ್ಕೂಟಗಳೇ ಬೇಡ. ಬ್ರಿಟನ್ ಹೊರಗೆ ಬಂದದ್ದು ಸರಿ. ಗ್ರೀಸ್ ಕಥೆ ನೋಡಿ. ಸ್ವಂತ ದುಡ್ಡು ಬಿಟ್ಟು ಯುರೋ ತಗೊಂಡರು. ಸಾಲ ಕುತ್ತಿಗೆಗೆ ಬಂದಾಗ ತಮ್ಮ ನಾಣ್ಯದ ಬೆಲೆ ಇಳಿಸೋಕೂ ಕೈ ಕಟ್ಟಿಹೋಗಿತ್ತು. 2015ರ ಜುಲೈನಲ್ಲಿ ಜನಮತ ಮಾಡಿದರು, ನೂರಕ್ಕೆ 61 ಜನ ಷರತ್ತು ಬೇಡ ಅಂದರು. ಒಂದು ವಾರ ಕಳೆದ ಮೇಲೆ ಸರ್ಕಾರ ಷರತ್ತಿಗೆ ಒಪ್ಪಿತು. ಮತ ಹಾಕಿದವರು ಕೋಡಂಗಿ, ಸಾಲ ಕೊಟ್ಟವರು ಈರಭದ್ರ! ನಿಮ್ಮ ಪೋರ್ಚುಗಲ್‌ದೂ ಅದೇ ಹಾಡು, 2011ರಲ್ಲಿ 78 ಬಿಲಿಯನ್ ಯುರೋ ಸಾಲ, ಸಂಬಳ ಕಡಿತ, ಪಿಂಚಣಿ ಕಡಿತ. ಅಲ್ಲಿನ ಹುಡುಗರೇ ಕೆಲಸ ಹುಡುಕಿ ಬೇರೆ ದೇಶಕ್ಕೆ ಹೋದರು. ಇಲ್ಲಿನ ಹುಡುಗರು ಅದರ ಪಾಸ್‌ಪೋರ್ಟ್‌ಗೆ ಕ್ಯೂ ನಿಂತಿದ್ದಾರೆ.

ಫೋಂಡಾ ಟೀಚರ್

ಗ್ರೀಸ್ ವಿಷಯದಲ್ಲಿ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. ದುಡ್ಡು ಒಂದು ಮಾಡಿ, ತೆರಿಗೆ ಮತ್ತು ಖರ್ಚನ್ನು ಬೇರೆ ಬೇರೆ ಬಿಟ್ಟರು. ಕೊರತೆ 3% ದಾಟಬಾರದು, ಸಾಲ 60% ದಾಟಬಾರದು ಅಂತ ನಿಯಮ ಬರೆದರು. ದೊಡ್ಡವರಾದ ಜರ್ಮನಿ, ಫ್ರಾನ್ಸ್ ತಾವೇ ಅದನ್ನು ಮೊದಮೊದಲು ಮೀರಿದರು. ಒಕ್ಕೂಟದ ಬಜೆಟ್ ಎಲ್ಲ ದೇಶಗಳ ಆದಾಯದ 1% ಆಸುಪಾಸು. ಅಷ್ಟರಲ್ಲಿ ಮುಳುಗುವವನನ್ನು ಎತ್ತೋದು ಹೇಗೆ?

ಆದರೆ ಪೋರ್ಚುಗಲ್ ವಿಷಯ ಬೇರೆ. ಬಡ ದೇಶಗಳು ಒಳಗೆ ಬಂದಾಗ ಅವರ ರಸ್ತೆ, ಸೇತುವೆ, ತರಬೇತಿಗೆ ಹಣ ಕೊಡೋ ನಿಧಿಗಳಿವೆ. ತಲಾ ಆದಾಯ ಸರಾಸರಿಯ 90%ಗಿಂತ ಕಡಿಮೆ ಇರೋ ದೇಶಕ್ಕೆ ಕೊಹೀಷನ್ ಫಂಡ್. ಪೋರ್ಚುಗಲ್‌ಗೆ ವರ್ಷಗಟ್ಟಲೆ ಸಿಕ್ಕಿದೆ. ರೈತರಿಗೆ ಬೇರೆಯೇ ನಿಧಿ. ಒಂದು ಕಾಲಕ್ಕೆ ಒಕ್ಕೂಟದ ಬಜೆಟ್ಟಿನ ದೊಡ್ಡ ಪಾಲು ರೈತರಿಗೇ ಹೋಗುತ್ತಿತ್ತು. ಜರ್ಮನಿಯ ಕಾರ್ಖಾನೆ ಮಾಲಿಗೆ ನಾವು ಬಾಗಿಲು ತೆರೀತೀವಿ, ನಮ್ಮ ರೈತರನ್ನು ನೀವು ಕಾಯಬೇಕು ಅನ್ನೋದು ಫ್ರಾನ್ಸಿನ ಷರತ್ತು. ಕ್ಯಾಸಲ್‌ರಾಕ್ ಸರ್ ಕೇಳಿದ ಪ್ರಶ್ನೆಗೆ ಅವರ ಹತ್ತಿರ ಪೂರ್ತಿ ಅಲ್ಲದಿದ್ದರೂ ಒಂದು ಉತ್ತರ ಇತ್ತು. ಸಾರ್ಕ್ ಹತ್ತಿರ ಇಲ್ಲ.

ಮಡಗಾಂವ್ ಇಡ್ಲಿ

ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ. ನಮ್ಮ ಹೋಟೆಲಿನ ಅಡುಗೆಮನೆಗೆ ಬನ್ನಿ. ದೋಸೆ ಹುಯ್ಯೋದು ಕುಂದಾಪುರದ ಹುಡುಗ, ಚೈನೀಸ್ ಮಾಡೋದು ನೇಪಾಳದವನು. ಅವನಿಗೆ ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ವರ್ಕ್ ಪರ್ಮಿಟ್ ಇಲ್ಲ, ಎಲ್ಲ ಕಾನೂನುಬದ್ಧ. 1950ರ ಒಪ್ಪಂದದ ಪ್ರಕಾರ ಆ ದೇಶದವರು ಇಲ್ಲಿ, ನಾವು ಅಲ್ಲಿ ಹೋಗಿ ಇರಬಹುದು, ದುಡಿಯಬಹುದು. ಗೋವಾದಲ್ಲಿ ಎಷ್ಟು ಶ್ಯಾಕ್, ಎಷ್ಟು ಕಟ್ಟಡದ ವಾಚ್‌ಮನ್ ನೇಪಾಳದವರು ಅಂತ ಲೆಕ್ಕ ಹಾಕಿ. ಯುರೋಪಿನವರು ಗಡಿ ತಪಾಸಣೆ ತೆಗೆದ ಷೆಂಗೆನ್ ಒಪ್ಪಂದ ಆಗಿದ್ದು 1985ರಲ್ಲಿ, ಜಾರಿಗೆ ಬಂದಿದ್ದು 1995ರಲ್ಲಿ. ನಮ್ಮದು ಅದಕ್ಕಿಂತ ಹಳೇದು, ಅಲ್ವಾ?

ದುಡ್ಡಿನ ವಿಷಯದಲ್ಲೂ ಹಾಗೆ. 100 ಭಾರತದ ರೂಪಾಯಿಗೆ 160 ನೇಪಾಳಿ ರೂಪಾಯಿ, 1993ರಿಂದ ಬದಲಾಗಿಲ್ಲ. ಭೂತಾನದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ.

ಬೈನಾ ಗಲ್ಲಿ

ಅಣ್ಣ, ಪಾಯಿಂಟ್ ಚೆನ್ನಾಗಿದೆ. ಆದರೆ ನಿಮ್ಮ ನೇಪಾಳಿ ಹುಡುಗನನ್ನು 2016ರ ನವೆಂಬರ್ ಬಗ್ಗೆ ಕೇಳಿ ನೋಡಿ. ನೋಟು ರದ್ದಾದಾಗ ಅವರ ಊರಲ್ಲೂ ಮನೆಮನೆಯಲ್ಲಿ ನಮ್ಮ 500, 1000ದ ನೋಟು ಇತ್ತು. ನಮಗೆ ಬ್ಯಾಂಕ್ ಕ್ಯೂ ಆದರೂ ಇತ್ತು. ಅವರು ಎಲ್ಲಿ ಹೋಗಬೇಕು? ನೇಪಾಳದ ಬ್ಯಾಂಕು ಕೇಳುತ್ತಲೇ ಇತ್ತು, ನೋಟು ಹಾಗೇ ಉಳಿಯಿತು. ಗ್ರೀಸಿಗೆ ಎಷ್ಟೇ ಕಷ್ಟ ಆದರೂ ಯುರೋ ನಡೆಸುವ ಫ್ರಾಂಕ್‌ಫರ್ಟಿನ ಬ್ಯಾಂಕಿನಲ್ಲಿ ಅವರದೊಂದು ಕುರ್ಚಿ ಇದೆ. ದೆಹಲಿ, ಮುಂಬೈಯಲ್ಲಿ ನೇಪಾಳಕ್ಕೆ ಕುರ್ಚಿ ಇದೆಯಾ?

2015ರಲ್ಲೂ ನೋಡಿದೆವಲ್ಲ. ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿ ನಿಂತವು, ಅಲ್ಲಿ ಗ್ಯಾಸಿಲ್ಲ, ಪೆಟ್ರೋಲಿಲ್ಲ. ನೇಪಾಳ ನಮ್ಮನ್ನು ದೂರಿತು, ನಾವು ಮಾಡಿದ್ದಲ್ಲ ಅಂತ ಭಾರತ ಹೇಳಿತು. ಯಾರು ಸರಿ ಅನ್ನೋದು ಬಿಡಿ. ತೀರ್ಮಾನ ಮಾಡೋಕೆ ಕೋರ್ಟ್ ಇರಲಿಲ್ಲ. ಟೀಚರ್ ಮೇಡಂ ಹೇಳಿದ್ದು ಇದೇ ಅನ್ನಿಸುತ್ತೆ.

ಮಡಗಾಂವ್ ಇಡ್ಲಿ

ಕೇಳಿದೆ. "ದಾಜು, ಅದು ಬೇಡ ಬಿಡಿ" ಅಂದ.

ಸ್ವಿಂಡನ್ ಮಳೆ

ಇಲ್ಲಿ ರಾತ್ರಿ, ನಿದ್ದೆ ಬರದೆ ಓದುತ್ತಿದ್ದೇನೆ. ವಾಸ್ಕೋದಲ್ಲಿ ಓದಿದವನು, ಮೂಲ ಗದಗ, ಈಗ ಇಂಗ್ಲೆಂಡಿನಲ್ಲಿ. ಸ್ವಿಂಡನ್‌ನಲ್ಲಿ ಗೋವಾದವರು ಎಷ್ಟು ಅಂದರೆ ಬಸ್‌ಸ್ಟಾಪಿನಲ್ಲಿ ಕೊಂಕಣಿ ಕೇಳದ ದಿನ ಇಲ್ಲ. ಬಹುಪಾಲು ಜನ ಪೋರ್ಚುಗೀಸ್ ಪಾಸ್‌ಪೋರ್ಟ್ ಮೇಲೆ ಬಂದವರು. ಗೋದಾಮು, ಪ್ಯಾಕಿಂಗ್, ಕ್ಲೀನಿಂಗ್ ಕೆಲಸ.

ಬ್ರಿಟನ್ ಯುರೋಪ್ ಒಕ್ಕೂಟದಲ್ಲಿ ಇರಬೇಕಾ ಬೇಡವಾ ಅನ್ನೋ 2016ರ ಜೂನ್ 23ರ ಜನಮತದ ಒಂದು ಚೋದ್ಯ ಹೇಳುತ್ತೇನೆ. ನಾನು ಭಾರತದ ಪಾಸ್‌ಪೋರ್ಟ್‌ನವನು, ಕೆಲಸದ ವೀಸಾದಲ್ಲಿದ್ದೆ. ನನಗೆ ಮತ ಇತ್ತು! ಭಾರತ ಕಾಮನ್‌ವೆಲ್ತ್ ದೇಶ, ಇಲ್ಲಿ ವಾಸ ಇರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಮತದ ಹಕ್ಕಿದೆ. ಪಕ್ಕದ ಮನೆಯಲ್ಲಿದ್ದ ಗೋವಾದವರು ಪೋರ್ಚುಗೀಸ್ ಪ್ರಜೆ, ಅಂದರೆ ಯುರೋಪ್ ಒಕ್ಕೂಟದ ಪ್ರಜೆ. ಊರಿನ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು, ಜನಮತದಲ್ಲಿ ಇಲ್ಲ. ಯಾರ ಬದುಕು ತಲೆಕೆಳಗಾಗುತ್ತಿತ್ತೋ ಅವರಿಗೇ ಮತ ಇಲ್ಲ, ಏನೂ ಆಗಲಿಕ್ಕಿಲ್ಲದ ನನಗೆ ಇದೆ. ಸ್ವಿಂಡನ್ ಊರೂ ಹೊರಗೆ ಹೋಗೋಣ ಅಂತಲೇ ಮತ ಹಾಕಿತು.

ಮ್ಹಾಪ್ಸಾ ಸರ್, ಇಲ್ಲಿನ ಜನರ ಸಿಟ್ಟು ಸುಳ್ಳಲ್ಲ. 2004ರಲ್ಲಿ ಪೋಲೆಂಡ್ ಮುಂತಾದ ಹತ್ತು ದೇಶ ಸೇರಿದಾಗ ಕೆಲಸಗಾರರಿಗೆ ಕೂಡಲೇ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ಉಳಿದವರು ಏಳು ವರ್ಷದವರೆಗೆ ತಡೆಯಬಹುದು ಅನ್ನೋ ನಿಯಮ ಬಳಸಿಕೊಂಡರು. ಜನ ಬಂದರು, ದುಡಿದರು, ತೆರಿಗೆ ಕಟ್ಟಿದರು. ಆದರೆ ಆ ತೆರಿಗೆ ಲಂಡನ್‌ಗೆ ಹೋಯಿತು. ಮಗುವಿಗೆ ಶಾಲೆಯಲ್ಲಿ ಸೀಟು ಸಿಗದಿದ್ದಾಗ, ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗದಿದ್ದಾಗ ಇಲ್ಲಿನವರು ಬೈದದ್ದು ಬ್ರಸೆಲ್ಸ್‌ಗೆ, ಪಕ್ಕದ ಮನೆ ಪೋಲಿಷ್‌ನವನಿಗೆ.

ಹೊರಗೆ ಬಂದ ಮೇಲೆ ಊರಿಗೆ ಬಂಗಾರದ ಕಾಲವೇನೂ ಬರಲಿಲ್ಲ. ಹೋಂಡಾ ಕಾರಿನ ಕಾರ್ಖಾನೆ 2021ರಲ್ಲಿ ಮುಚ್ಚಿತು. ಬ್ರೆಕ್ಸಿಟ್ ಕಾರಣ ಅಲ್ಲ ಅಂತ ಕಂಪನಿ ಹೇಳಿತು, ಇರಲಿ. ಗೋವಾದವರಲ್ಲಿ 2020ರ ಡಿಸೆಂಬರ್ 31ರೊಳಗೆ ಬಂದು ನೆಲೆಸಿದವರು ಅರ್ಜಿ ಹಾಕಿ ಉಳಿದುಕೊಂಡರು. ಆಮೇಲಿನವರು ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಬಂದರೂ ಇಲ್ಲಿ ದುಡಿಯಲು ವೀಸಾ ಬೇಕು. ವಾಸ್ಕೋ ಸರ್, ನಿಮ್ಮ ಹುಡುಗ ಜರ್ಮನಿ ಅಂದಿದ್ದು ಅದಕ್ಕೇ.

ಬೈನಾ ಗಲ್ಲಿ

ಸ್ವಿಂಡನ್ ಅಣ್ಣ ಹೇಳಿದ್ದರಲ್ಲಿ ಸ್ಥಳದ ಹೆಸರು ಬದಲಾಯಿಸಿದರೆ ನಮ್ಮ ಕಥೆ. ನಮ್ಮಪ್ಪ ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಇಲ್ಲೇ. ಗೋವಾದ ಅರ್ಧ ಕಟ್ಟಡ ನಮ್ಮ ಜನ ಎತ್ತಿದ್ದು. ಬಾಡಿಗೆ ಮನೆ ಕೇಳೋಕೆ ಹೋದಾಗ ಊರು ಯಾವುದು ಅಂತ ಕೇಳಿ ಬಾಗಿಲು ಹಾಕಿದವರಿದ್ದಾರೆ. ನೀರು, ಶಾಲೆ, ಆಸ್ಪತ್ರೆ ಎಲ್ಲದಕ್ಕೂ ನಾವೇ ಕಾರಣ ಅನ್ನೋ ಮಾತು ಇಲ್ಲೂ ಇದೆ. ಆದರೆ ಒಂದು ವ್ಯತ್ಯಾಸ. ನನಗೆ ಇಲ್ಲಿ ಮತ ಇದೆ, ನಗರಸಭೆ ಸದಸ್ಯ ಕೈಮುಗಿದು ಬರುತ್ತಾನೆ. ಕನ್ನಡದಲ್ಲಿ ಕರಪತ್ರ ಹಂಚುತ್ತಾನೆ!

ಹಾಗೆ ನೋಡಿದರೆ ಗೋವಾದವರ ಹೆದರಿಕೆ ನನಗೆ ಅರ್ಥ ಆಗುತ್ತೆ. ಸಣ್ಣ ರಾಜ್ಯ. ಮುಳುಗಿ ಹೋಗ್ತೀವಿ ಅನ್ನೋ ಭಯ.

ಕ್ಯಾಸಲ್‌ರಾಕ್

ಆ ಭಯಕ್ಕೆ ಒಂದು ಸಲ ಸರಿಯಾದ ಉತ್ತರ ಸಿಕ್ಕಿದೆ ಬೈನಾ ತಮ್ಮಾ. 1967ರ ಜನವರಿ 16. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಾ, ಬೇರೆ ಇರಬೇಕಾ ಅಂತ ಜನರನ್ನೇ ಕೇಳಿದರು. ಬೇರೆ ಇರೋಣ ಅನ್ನುವವರು 34,021 ಮತದಿಂದ ಗೆದ್ದರು. 1987ರ ಮೇ 30ಕ್ಕೆ ರಾಜ್ಯವೂ ಆಯಿತು. ದೊಡ್ಡದರ ಜೊತೆ ಇರುತ್ತೇವೆ, ಕರಗುವುದಿಲ್ಲ ಅಂತ ಹೇಳುವ ಅವಕಾಶ ಸಿಕ್ಕಿತ್ತು. ನಮ್ಮ ಕಾರವಾರ, ಬೆಳಗಾವಿಯವರನ್ನು ಯಾರೂ ಹಾಗೆ ಕೇಳಲಿಲ್ಲ, ಆ ಚರ್ಚೆ ಇಲ್ಲಿ ಬೇಡ.

ನಿರ್ವಾಹಕ

ಬೇಡವೇ ಬೇಡ. ಬೆಳಗಾವಿ ಗಡಿ, ಮಹದಾಯಿ ಎರಡಕ್ಕೂ ಬೇರೆ ಎಳೆಗಳಿವೆ. ಅಲ್ಲಿ ಹೋಗಿ ಜಗಳ ಆಡಿ.

ಪಣಜಿ ಲೆಕ್ಕ

ಜಿಎಸ್‌ಟಿ ರಿಟರ್ನ್ ಗಡಿಬಿಡಿಯಲ್ಲಿದ್ದೆ, ಈಗ ಓದಿದೆ. ಯಾರೂ ಹೇಳದ ಒಂದು ಮಾತು: ಯುರೋಪಿಗೆ ಹೋಲಿಸಬೇಕಾದದ್ದು ಸಾರ್ಕನ್ನಲ್ಲ, ಜಿಎಸ್‌ಟಿ ಕೌನ್ಸಿಲನ್ನು.

2017ರ ಜುಲೈ 1ಕ್ಕೆ ರಾಜ್ಯಗಳು ತಮ್ಮ ಮಾರಾಟ ತೆರಿಗೆಯ ಅಧಿಕಾರ ಒಂದು ಮೇಜಿನ ಮೇಲೆ ಇಟ್ಟವು. ಮತದಲ್ಲಿ ಕೇಂದ್ರದ ತೂಕ ಮೂರನೇ ಒಂದು, ಎಲ್ಲ ರಾಜ್ಯಗಳದ್ದು ಸೇರಿ ಮೂರನೇ ಎರಡು, ತೀರ್ಮಾನಕ್ಕೆ ಮುಕ್ಕಾಲು ಬೇಕು. ಲೆಕ್ಕ ಹಾಕಿ ನೋಡಿ, ಕೇಂದ್ರ ಬೇಡ ಅಂದರೆ ಏನೂ ಆಗಲ್ಲ. ರಾಜ್ಯಗಳ ನಡುವೆ ಮಾತ್ರ ಎಲ್ಲರಿಗೂ ಒಂದೇ ತೂಕ. ಗೋವಾದ ಮತ, ಉತ್ತರ ಪ್ರದೇಶದ ಮತ ಎರಡೂ ಸಮ. ಯುರೋಪಿನಲ್ಲಿ ಬಹಳಷ್ಟು ವಿಷಯಕ್ಕೆ 55% ದೇಶಗಳು, ಜೊತೆಗೆ 65% ಜನಸಂಖ್ಯೆ ಬೇಕು. ತೆರಿಗೆ ವಿಷಯಕ್ಕೆ ಎಲ್ಲರ ಒಪ್ಪಿಗೆ. ಅಂದರೆ ತೆರಿಗೆ ಒಂದು ಮಾಡುವುದರಲ್ಲಿ ನಾವು ಅವರಿಗಿಂತ ಮುಂದೆ ಹೋಗಿದ್ದೇವೆ.

ತಾತನ ಪ್ರಶ್ನೆಗೂ ಇಲ್ಲಿ ಉತ್ತರ ಇದೆ. ಆದಾಯ ಕಡಿಮೆ ಆದರೆ ಅಂತ ರಾಜ್ಯಗಳು ಹೆದರಿದವು. 2015–16ರ ಆದಾಯ ಹಿಡಿದು ವರ್ಷಕ್ಕೆ 14% ಏರಿಕೆ ಲೆಕ್ಕದಲ್ಲಿ ಐದು ವರ್ಷ ಪರಿಹಾರ ಕೊಡುವುದಾಗಿ ಕಾನೂನು ಮಾಡಿದರು. ಆ ಮಾತಿಲ್ಲದಿದ್ದರೆ ಜಿಎಸ್‌ಟಿ ಬರುತ್ತಲೇ ಇರಲಿಲ್ಲ. 2022ರ ಜೂನ್‌ಗೆ ಅದು ಮುಗಿಯಿತು. ಪರಿಹಾರ ಇಲ್ಲಿಯೂ ಸರ್ಕಾರಕ್ಕೇ ಸಿಕ್ಕಿತು, ಫೈಲ್ ಮಾಡೋಕೆ ಬಾರದೆ ಅಂಗಡಿ ಮುಚ್ಚಿದವರಿಗೆ ಸಿಗಲಿಲ್ಲ. ಅಂಥ ಕೆಲವರು ನನ್ನ ಕ್ಲೈಂಟ್‌ಗಳಾಗಿದ್ದವರೇ. ಮದ್ಯ, ಪೆಟ್ರೋಲು ಹೊರಗಿಟ್ಟದ್ದೂ ಯಾಕೆ ಅಂತ ಗೊತ್ತಿರಬೇಕಲ್ಲ. ರಾಜ್ಯಗಳಿಗೆ ಉಳಿದ ಕೊನೆಯ ಗಲ್ಲಾಪೆಟ್ಟಿಗೆ ಅದು.

ಕಾರವಾರ ಕ್ರಾಸ್

ಪೆಟ್ರೋಲ್ ಗೋವಾದಲ್ಲಿ ಅಗ್ಗ ಇರೋವರೆಗೆ ನನಗೆ ಆ ಒಂದು ವಿಷಯದಲ್ಲಿ ಏಕೀಕರಣ ಬೇಡ.

ಮ್ಹಾಪ್ಸಾ ಮಾರ್ಕೆಟ್

ಎಲ್ಲರೂ ಕೊನೆಗೆ ನನ್ನ ಮಾತಿಗೇ ಬಂದಿರಿ. ನಿಮ್ಮ ಪೆಟ್ರೋಲ್ ಬೇಕು, ಅವರ ಮಾಲು ಬೇಡ.

ಫೋಂಡಾ ಟೀಚರ್

ಇಲ್ಲ ಸರ್. ಬೇಡ ಅನ್ನೋದಕ್ಕೂ ಷರತ್ತು ಹಾಕಿ ಬಾ ಅನ್ನೋದಕ್ಕೂ ವ್ಯತ್ಯಾಸ ಇದೆ. ಯುರೋಪಿನಲ್ಲೂ ಯಾರು ಬೇಕಾದರೂ ಎಲ್ಲಿ ಬೇಕಾದರೂ ಸುಮ್ನೆ ಹೋಗಿ ಕೂರೋ ಹಾಗಿಲ್ಲ. ಮೂರು ತಿಂಗಳು ಇರಬಹುದು, ಆಮೇಲೆ ಕೆಲಸ ಇರಬೇಕು, ಇಲ್ಲ ಬದುಕೋಕೆ ಸ್ವಂತ ದುಡ್ಡಿರಬೇಕು. ಗಡಿ ತಪಾಸಣೆ ಮತ್ತೆ ತರೋಕೂ ನಿಯಮ ಇದೆ. 2020ರಲ್ಲಿ ಕೊರೊನಾ ಬಂದಾಗ ಬಹಳ ದೇಶ ತಂದವು, 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಯಲ್ಲೂ ತಪಾಸಣೆ ತಂದಿತು.

ದಕ್ಷಿಣ ಏಷ್ಯಾಕ್ಕೆ ನನ್ನ ಆಸೆ ಸಣ್ಣದು. ಒಟ್ಟಿಗೆ ಎಂಟು ದೇಶ ಬೇಡ. 2015ರಲ್ಲಿ ಥಿಂಫುವಿನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಲಾರಿ ಓಡಾಟದ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನ ಹಿಂದೆ ಸರಿಯಿತು, ಸಣ್ಣ ದೇಶ, ಲಾರಿಗಳ ಹೊಗೆಗೆ ಹೆದರಿತು. ಅವರ ಹೆದರಿಕೆಗೆ ಬೆಲೆ ಕಟ್ಟಿ ಕೊಡೋ ನಿಧಿ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ.

ವಾಸ್ಕೋ ಬಂದರು

ಎಲ್ಲರಿಗೂ ಧನ್ಯವಾದ, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಸ್ವಿಂಡನ್ ಅಣ್ಣ, ನಮ್ಮ ಹುಡುಗನ ಪರವಾಗಿ ಒಂದು ಪ್ರಶ್ನೆ. ಪೋರ್ಚುಗೀಸ್ ಪೌರತ್ವ ಬಂದರೆ ಇಲ್ಲಿನದು ಇಟ್ಟುಕೊಳ್ಳಬಹುದು ಅಂತ ಅವನಿಗೆ ಯಾರೋ ಏಜೆಂಟ್ ಹೇಳಿದ್ದಾನಂತೆ.

ಸ್ವಿಂಡನ್ ಮಳೆ

ಸುಳ್ಳು. ಭಾರತದಲ್ಲಿ ಎರಡು ಪೌರತ್ವ ಇಲ್ಲ. ಬೇರೆ ದೇಶದ ಪೌರತ್ವ ತಾನಾಗಿ ತೆಗೆದುಕೊಂಡರೆ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ್ದು ಹೋಗುತ್ತದೆ. ಪಾಸ್‌ಪೋರ್ಟ್ ವಾಪಸ್ ಕೊಡಬೇಕು. ಆಮೇಲೆ ಒಸಿಐ ಕಾರ್ಡಿಗೆ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡಿಗೆ, ಅರ್ಜಿ ಹಾಕಬಹುದು. ಅದರಲ್ಲಿ ಬಂದು ಇರಬಹುದು, ದುಡಿಯಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಜ್ಜ, ಅಪ್ಪನಿಂದ ಬಂದ ಜಮೀನಾದರೆ ಇಟ್ಟುಕೊಳ್ಳಬಹುದು. ಏಜೆಂಟಿಗೆ ದುಡ್ಡು ಕೊಡುವ ಮೊದಲು ಒಬ್ಬ ವಕೀಲರನ್ನು ಕೇಳಲಿ.

ವಾಸ್ಕೋ ಬಂದರು

ಹೇಳ್ತೀನಿ. ಅವರ ಗದ್ದೆ ಇನ್ನೂ ಅಜ್ಜನ ಹೆಸರಲ್ಲೇ ಇದೆಯಂತೆ, ಪಾಲೂ ಆಗಿಲ್ಲ. ಲಿಸ್ಬನ್‌ಗಿಂತ ಮೊದಲು ತಾಲೂಕು ಆಫೀಸಿಗೆ ಹೋಗಬೇಕು ಅವನು.